499 ರೂಪಾಯಿಯ ಒರಿಜಿನಲ್

2024ರ ಜೂನ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ, ಪಿಎಚ್‌ಡಿ ಪ್ರಬಂಧ ಬರೆಯುತ್ತಿರುವ ನನ್ನ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಮೈಕ್ರೋಸಾಫ್ಟ್ ಆಫೀಸ್, ‘ಲೈಫ್‌ಟೈಮ್’, ಐದು ಡಿವೈಸ್‌ಗಳಿಗೆ, ಜೊತೆಗೆ 1 ಟಿಬಿ ಜಾಗ. ಐದಂಕಿಯ ಬೆಲೆಯೊಂದನ್ನು ಕೆಂಪು ಗೆರೆಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ 499 ರೂಪಾಯಿ ಎಂದು ಬರೆದಿದ್ದರು. ‘ನೂರಕ್ಕೆ ನೂರು ಒರಿಜಿನಲ್’ ಎಂಬ ಚಿನ್ನದ ಬಣ್ಣದ ಮುದ್ರೆ ಬೇರೆ. ಕೆಳಗೆ ಅವಳ ಪ್ರಶ್ನೆ: “ಮಾಮ, ಇದು ತಗೋಬಹುದಾ? ಸಂಜೆವರೆಗೆ ಮಾತ್ರ ಆಫರ್ ಅಂತೆ.”

“ಬೇಡ, ಮೋಸ ಇರುತ್ತೆ” ಎಂದು ಬರೆದು ಕಳಿಸಿದೆ. ಕೂಡಲೇ ಮರುಪ್ರಶ್ನೆ ಬಂತು. “ಬೆಲೆ ಕಮ್ಮಿ ಇದ್ರೆ ಮೋಸಾನಾ? ರಾಜ್ಯೋತ್ಸವದ ತಿಂಗಳಲ್ಲಿ ಅರ್ಧ ಬೆಲೆಗೆ ಪುಸ್ತಕ ತರ್ತೀವಲ್ಲ, ಅದು?”

ಇದಕ್ಕೆ ನನ್ನ ಬಳಿ ಥಟ್ಟನೆ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಕಂಪ್ಯೂಟರಿನಲ್ಲೇ ಬರೆಯುತ್ತ, ಅಚ್ಚಿಗೆ ಪುಟ ಕಟ್ಟುತ್ತ ಬಂದಿದ್ದರೂ, ಸಾಫ್ಟ್‌ವೇರಿಗೆ ಇಷ್ಟೇ ಸರಿಯಾದ ಬೆಲೆ, ಇದಕ್ಕಿಂತ ಕೆಳಗಿಳಿದರೆ ಅನುಮಾನಿಸಬೇಕು ಎಂದು ಹೇಳುವ ಅಳತೆಗೋಲು ನನಗೆ ಸಿಕ್ಕಿಲ್ಲ. ಅಕ್ಕಿಗೆ ಅಂಥ ಅಳತೆ ಇದೆ. ಕಿಲೋಗೆ ಐದು ರೂಪಾಯಿಯಂತೆ ಯಾರಾದರೂ ಸೋನಾ ಮಸೂರಿ ಮಾರಿದರೆ ಅದು ಕದ್ದದ್ದೋ ಹುಳ ಹಿಡಿದದ್ದೋ ಎಂದು ಊಹಿಸಬಹುದು, ಏಕೆಂದರೆ ಬೆಳೆಯುವ ಖರ್ಚು ನಮಗೆ ಗೊತ್ತು. ಸಾಫ್ಟ್‌ವೇರಿನ ಮೊದಲ ಪ್ರತಿಗೆ ಕೋಟಿಗಟ್ಟಲೆ ಖರ್ಚಾಗಿರಬಹುದು, ಎರಡನೆಯದಕ್ಕೆ ಏನೂ ಇಲ್ಲ. ಹಾಗಾಗಿ ಬೆಲೆ ನೋಡಿ ಅಸಲಿ ನಕಲಿ ತೀರ್ಮಾನಿಸುವುದು ಈ ಸರಕಿನ ಮಟ್ಟಿಗೆ ಕೆಲಸಕ್ಕೆ ಬರುವುದಿಲ್ಲ. ಹಾಗಾದರೆ ಏನನ್ನು ನೋಡಬೇಕು? ಅವಳು ಪುಸ್ತಕದ ಮಾತೆತ್ತಿದ್ದರಿಂದ ನಾನೂ ಪುಸ್ತಕದಿಂದಲೇ ಹೊರಟೆ.

1904ರಲ್ಲಿ ಅಮೆರಿಕದ ಬಾಬ್ಸ್-ಮೆರಿಲ್ ಪ್ರಕಾಶನದವರು ‘ದಿ ಕಾಸ್ಟ್‌ಅವೇ’ ಎಂಬ ಕಾದಂಬರಿ ಹೊರತಂದರು. ಬರೆದವರು ಹ್ಯಾಲಿ ಅರ್ಮಿನಿ ರೈವ್ಸ್. ಕಾದಂಬರಿಯನ್ನು ಇಂದು ಓದುವವರು ಕಡಿಮೆ. ಅದರ ಕೃತಿಸ್ವಾಮ್ಯದ ಸೂಚನೆಯ ಕೆಳಗೆ ಅಚ್ಚಾಗಿದ್ದ ಒಂದೆರಡು ಸಾಲುಗಳನ್ನು ಮಾತ್ರ ಕಾನೂನು ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಪುಸ್ತಕದ ಬೆಲೆ ಒಂದು ಡಾಲರ್, ಅದಕ್ಕಿಂತ ಕಡಿಮೆಗೆ ಮಾರಲು ಯಾವ ವ್ಯಾಪಾರಿಗೂ ಲೈಸೆನ್ಸ್ ಇಲ್ಲ, ಮಾರಿದರೆ ಅದನ್ನು ಕೃತಿಸ್ವಾಮ್ಯದ ಉಲ್ಲಂಘನೆ ಎಂದೇ ಪರಿಗಣಿಸಲಾಗುವುದು ಎಂಬುದು ಆ ಸಾಲುಗಳ ತಾತ್ಪರ್ಯ. ನ್ಯೂಯಾರ್ಕಿನ ಮೇಸೀಸ್ ಅಂಗಡಿಯವರು ಪುಸ್ತಕವನ್ನು 89 ಸೆಂಟ್‌ಗೆ ಮಾರಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1908ರಲ್ಲಿ ಬಂದ ತೀರ್ಪು ಅಂಗಡಿಯವರ ಪರವಾಗಿತ್ತು. ಒಂದು ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿ ಮುಂದೆ ಯಾವ ಬೆಲೆಗೆ ಕೈ ಬದಲಾಯಿಸಬೇಕು ಎಂದು ನಿಯಂತ್ರಿಸುವ ಹಕ್ಕು ಪ್ರಕಾಶಕರಿಗೆ ಉಳಿಯುವುದಿಲ್ಲ ಎಂದಿತು ನ್ಯಾಯಾಲಯ. ನಾವು ಹಳೆ ಪುಸ್ತಕದಂಗಡಿಯಲ್ಲಿ ನಿರಾಳವಾಗಿ ಕೂತು ಚೌಕಾಸಿ ಮಾಡುವುದರ ಹಿಂದೆ ಇರುವುದು ಇದೇ ವಿಚಾರ. ನಕಲು ಮಾಡಬಾರದು, ಆದರೆ ಕೊಂಡದ್ದನ್ನು ಮಾರಬಹುದು.

ಅಂದರೆ ಅಕ್ಕನ ಮಗಳ ವಾದದಲ್ಲಿ ಹುರುಳಿತ್ತು. ಆದರೆ ಆ 1904ರ ಪುಸ್ತಕದಲ್ಲಿ ‘ಲೈಸೆನ್ಸ್’ ಎಂಬ ಪದ ಬಂದಿರುವುದನ್ನು ಗಮನಿಸಬೇಕು. ಪುಸ್ತಕದವರು ಸೋತ ಆ ಪದವನ್ನೇ ಮುಂದೆ ಸಾಫ್ಟ್‌ವೇರಿನವರು ಎತ್ತಿಕೊಂಡು ಗೆದ್ದರು.

ಸಾಫ್ಟ್‌ವೇರಿಗೆ ಪ್ರತ್ಯೇಕ ಬೆಲೆ ಎಂಬುದೇ ಬಹಳ ಹಳೆಯದಲ್ಲ. 1960ರ ದಶಕದಲ್ಲಿ ಐಬಿಎಂ ಕಂಪನಿಯ ಯಂತ್ರ ಪಡೆದವರಿಗೆ ಪ್ರೋಗ್ರಾಮುಗಳು ಯಂತ್ರದ ಜೊತೆಗೇ ಬರುತ್ತಿದ್ದವು, ಸೀರೆಯ ಜೊತೆ ಬ್ಲೌಸ್ ಪೀಸ್ ಬರುವ ಹಾಗೆ. 1969ರ ಜೂನ್ 23ರಂದು ಐಬಿಎಂ ಇನ್ನು ಮುಂದೆ ಅವೆರಡನ್ನೂ ಬೇರೆ ಬೇರೆಯಾಗಿ ಮಾರುವುದಾಗಿ ಪ್ರಕಟಿಸಿತು. ಕಣ್ಣಿಗೆ ಕಾಣದ, ಕೈಗೆ ಸಿಗದ ವಸ್ತುವಿಗೆ ಬೆಲೆಚೀಟಿ ಅಂಟಿಸುವುದು ಮೊದಲಾದದ್ದು ಹೆಚ್ಚುಕಡಿಮೆ ಅಲ್ಲಿಂದ.

ಆದರೆ ನನ್ನ ಕುತೂಹಲವೆಲ್ಲ ಇರುವುದು 1975-76ರ ಒಂದು ಪ್ರಸಂಗದಲ್ಲಿ. ಅಮೆರಿಕದ ಆಲ್ಬುಕರ್ಕಿಯ ಮಿಟ್ಸ್ ಎಂಬ ಸಣ್ಣ ಕಂಪನಿ ‘ಆಲ್ಟೇರ್ 8800’ ಎಂಬ, ಮನೆಯಲ್ಲೇ ಜೋಡಿಸಿಕೊಳ್ಳುವ ಕಂಪ್ಯೂಟರನ್ನು ಮಾರುತ್ತಿತ್ತು. ಅದಕ್ಕೆ ಬೇಸಿಕ್ ಭಾಷೆಯನ್ನು ಬರೆದುಕೊಟ್ಟವರು ಬಿಲ್ ಗೇಟ್ಸ್, ಪಾಲ್ ಆಲೆನ್ ಮತ್ತು ಮಾಂಟೆ ಡೇವಿಡಾಫ್. ಈ ಬೇಸಿಕ್‌ಗೆ ಮಿಟ್ಸ್ ಎರಡು ಬೆಲೆ ಇಟ್ಟಿತು. ಬರೀ ಸಾಫ್ಟ್‌ವೇರ್ ಬೇಕೆಂದರೆ 500 ಡಾಲರ್. ಯಂತ್ರ, ಮೆಮೊರಿ ಬೋರ್ಡು ಎಲ್ಲವನ್ನೂ ತಮ್ಮಲ್ಲೇ ಕೊಂಡರೆ 75 ಡಾಲರ್. ಶೇಕಡ 85 ರಿಯಾಯಿತಿ! ಇಂದಿನ ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ ಮೈಕ್ರೋಸಾಫ್ಟಿನ ಮೊಟ್ಟಮೊದಲ ಸರಕೇ ‘ಭಾರೀ ರಿಯಾಯಿತಿ’ಯಲ್ಲಿ ಸಿಗುತ್ತಿತ್ತು, ಅದೂ ಪೂರ್ತಿ ಅಸಲಿಯಾಗಿ.

ಇದರಲ್ಲೊಂದು ತೊಡಕಿತ್ತು. ಮಿಟ್ಸ್‌ನವರ ಮೆಮೊರಿ ಬೋರ್ಡುಗಳು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬಳಕೆದಾರರು ಬೇರೆ ಕಂಪನಿಯ ಒಳ್ಳೆಯ ಬೋರ್ಡು ಕೊಂಡರು. ಕೊಂಡದ್ದೇ ರಿಯಾಯಿತಿ ಕೈತಪ್ಪಿತು, 500 ಡಾಲರ್ ಕೊಡಿ ಎಂದರು. ಯಂತ್ರದ ಬಿಡಿಭಾಗಗಳ ಕಿಟ್ಟೇ 400 ಡಾಲರಿನ ಆಸುಪಾಸಿನದು. ಅಷ್ಟರಲ್ಲಿ ಪ್ರದರ್ಶನವೊಂದರಲ್ಲಿ ಬೇಸಿಕ್ ಇದ್ದ ಕಾಗದದ ಟೇಪೊಂದು ಯಾರದೋ ಕೈಸೇರಿತು. ಕ್ಯಾಲಿಫೋರ್ನಿಯಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸದಸ್ಯರೊಬ್ಬರು ಅದರ ಹತ್ತಾರು ಪ್ರತಿ ಮಾಡಿ ತಂದು ಹಂಚಿದರು. ಒಂದು ಒಯ್ದವರು ಮುಂದಿನ ಸಭೆಗೆ ಎರಡು ತರಬೇಕು ಎಂಬುದು ಕರಾರು. ಹೀಗೆ ಟೇಪುಗಳು ಮರಿ ಹಾಕಿದವು.

1976ರ ಫೆಬ್ರುವರಿ 3ರ ದಿನಾಂಕ ಹಾಕಿ ಇಪ್ಪತ್ತರ ಹರೆಯದ ಗೇಟ್ಸ್ ಹವ್ಯಾಸಿಗಳಿಗೊಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಇಟ್ಟುಕೊಂಡವರಲ್ಲಿ ಶೇಕಡ 10ಕ್ಕಿಂತ ಕಡಿಮೆ ಮಂದಿ ಬೇಸಿಕ್ ಕೊಂಡಿದ್ದಾರೆ, ಬಂದ ರಾಯಧನವನ್ನು ನಮ್ಮ ದುಡಿಮೆಯ ಗಂಟೆಗಳಿಗೆ ಹಂಚಿದರೆ ಗಂಟೆಗೆ ಎರಡು ಡಾಲರೂ ಬೀಳುವುದಿಲ್ಲ, ನಿಮ್ಮಲ್ಲಿ ಹೆಚ್ಚಿನವರು ಕಳ್ಳರು ಎನ್ನುವ ಧಾಟಿ. ಪತ್ರ ಓದಿದವರಿಗೆ ಸಿಟ್ಟು ಬಂತು. ಕೆಲವರು ಬೈದು ಬರೆದರು. ಕೆಲವರು ಬೇರೆಯೇ ಉತ್ತರ ಕೊಟ್ಟರು. ಟಾಮ್ ಪಿಟ್‌ಮನ್ ಎಂಬ ಪ್ರೋಗ್ರಾಮರ್ ತಾನು ಬರೆದ ‘ಟೈನಿ ಬೇಸಿಕ್’ ಅನ್ನು ಬರೀ 5 ಡಾಲರಿಗೆ ಮಾರಿದ, ಜನ ಕೊಂಡರು. 500, 75, 5, ಸೊನ್ನೆ. ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವ ಸಾಫ್ಟ್‌ವೇರಿಗೆ ಒಂದೇ ಹೊತ್ತಿನಲ್ಲಿ ನಾಲ್ಕು ಬೆಲೆ. ಇದರಲ್ಲಿ ಕಳವು ಎನ್ನಬಹುದಾದದ್ದು ಕೊನೆಯದೊಂದೇ, ಅದೂ ಸೊನ್ನೆ ಎಂಬ ಕಾರಣಕ್ಕಲ್ಲ, ಬರೆದವರು ಒಪ್ಪಿರಲಿಲ್ಲ ಎಂಬ ಕಾರಣಕ್ಕೆ.

ಸೊನ್ನೆಯೇ ತಪ್ಪಲ್ಲ ಎನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಉಚಿತವಾಗಿ ಕೊಟ್ಟಿದ್ದರಿಂದಲೇ ಹೊರದೇಶಗಳಲ್ಲಿದ್ದ ಕನ್ನಡಿಗರು ಕಂಪ್ಯೂಟರಿನಲ್ಲಿ ಕನ್ನಡ ಬರೆಯತೊಡಗಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಗೂ ನಾವು ದುಡ್ಡು ಕೊಟ್ಟವರಲ್ಲ. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಉಂಟು. 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ ತನ್ನ ‘ಗ್ನೂ ಇಮ್ಯಾಕ್ಸ್’ ಇದ್ದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದ. ಕೊಂಡವರು ಅದನ್ನು ಎಷ್ಟು ಪ್ರತಿ ಬೇಕಾದರೂ ಮಾಡಿ ಹಂಚಬಹುದಿತ್ತು, ಮಾರಲೂಬಹುದಿತ್ತು. ದುಬಾರಿಯಾಗಿ ಕೊಂಡು ಪುಕ್ಕಟೆ ಹಂಚಿದರೂ ಕಾನೂನುಬದ್ಧ!

*

ಇನ್ನು ‘ಲೈಸೆನ್ಸ್’ ಪದದ ಕಥೆ. ಪುಸ್ತಕದಂತೆ ಸಾಫ್ಟ್‌ವೇರನ್ನೂ ಮಾರಿಬಿಟ್ಟರೆ ಕೊಂಡವನು ಬೇರೆಯವರಿಗೆ ಮಾರುತ್ತಾನೆ, ನಮ್ಮ ಬೆಲೆಯ ಮೇಲೆ ನಮಗೆ ಹಿಡಿತವಿರುವುದಿಲ್ಲ. ಹಾಗಾಗಿ ನಾವು ಮಾರುವುದೇ ಇಲ್ಲ, ಬಳಸಲು ಅನುಮತಿ ಮಾತ್ರ ಕೊಡುತ್ತೇವೆ ಎಂದು ತಯಾರಕರು ಹೇಳಿದರು. ಡಬ್ಬಿಯ ಪ್ಲಾಸ್ಟಿಕ್ ಹರಿದರೆ ಷರತ್ತುಗಳನ್ನು ಒಪ್ಪಿದಂತೆ ಎಂಬ ಬರಹ ಬಂದದ್ದು ಹೀಗೆ. ಆ ಷರತ್ತುಗಳನ್ನು ಪೂರ್ತಿ ಓದಿದ ಒಬ್ಬ ಮನುಷ್ಯನನ್ನೂ ನಾನು ನೋಡಿಲ್ಲ, ನಾನೂ ಓದಿದವನಲ್ಲ.

ಈ ಮಾತು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ? ಸಿಯಾಟಲ್‌ನ ಟಿಮೊಥಿ ವರ್ನರ್ ಈಬೇ ತಾಣದಲ್ಲಿ ಹಳೆಯ ಸಾಮಾನು ಮಾರಿ ಜೀವನ ಮಾಡುತ್ತಿದ್ದವನು. ವಾಸ್ತುಶಿಲ್ಪಿಗಳ ಕಚೇರಿಯೊಂದು ಬೇಡವೆಂದು ಮಾರಿದ ಆಟೋಕ್ಯಾಡ್ ಡಬ್ಬಿಗಳನ್ನು ಅವನು ಕೊಂಡು ಮಾರಾಟಕ್ಕಿಟ್ಟ. ಡಬ್ಬಿ ಅಸಲಿ, ಡಿಸ್ಕ್ ಅಸಲಿ, ಒಳಗಿನ ಸಂಖ್ಯೆಯೂ ಅಸಲಿ. ಆದರೆ ಆ ಕಚೇರಿಯವರು ಹೊಸ ಆವೃತ್ತಿಯನ್ನು 3,750 ಡಾಲರಿನ ಬದಲು 495 ಡಾಲರಿಗೆ ಪಡೆದಿದ್ದರು. ಅಷ್ಟು ಅಗ್ಗವಾಗಿ ಸಿಕ್ಕಿದ್ದಕ್ಕೆ ಪ್ರತಿಯಾಗಿ ಹಳೆಯದನ್ನು ನಾಶಮಾಡಬೇಕಿತ್ತು. ಮಾಡದೆ ಮಾರಿದ್ದರು. 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಆ ಕಚೇರಿ ಸಾಫ್ಟ್‌ವೇರಿನ ಒಡೆಯನೇ ಆಗಿರಲಿಲ್ಲ, ಲೈಸೆನ್ಸ್ ಪಡೆದವನಷ್ಟೇ, ಹಾಗಾಗಿ ಮಾರುವ ಹಕ್ಕೂ ಇರಲಿಲ್ಲ ಎಂದಿತು. ಎರಡೇ ವರ್ಷಕ್ಕೆ, 2012ರ ಜುಲೈ 3ರಂದು, ಯುರೋಪಿನ ನ್ಯಾಯಾಲಯ ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನ ವ್ಯಾಜ್ಯದಲ್ಲಿ ಬೇರೆಯೇ ಮಾತು ಹೇಳಿತು. ದುಡ್ಡು ಪಡೆದು ಕಾಲಮಿತಿಯಿಲ್ಲದ ಹಕ್ಕು ಕೊಟ್ಟಿದ್ದರೆ ನೀವು ಅದನ್ನು ಲೈಸೆನ್ಸ್ ಎಂದು ಕರೆದರೂ ಅದು ಮಾರಾಟವೇ. ಡೌನ್‌ಲೋಡ್ ಮಾಡಿಕೊಂಡದ್ದನ್ನೂ ಮರುಮಾರಾಟ ಮಾಡಬಹುದು. ಎರಡು ಕಟ್ಟುಪಾಡು ಮಾತ್ರ: ಮಾರುವವನು ತನ್ನ ಪ್ರತಿಯನ್ನು ಅಳಿಸಿಹಾಕಬೇಕು. 25 ಜನಕ್ಕೆಂದು ಕೊಂಡ ಸಗಟು ಲೈಸೆನ್ಸನ್ನು ಒಡೆದು ಚಿಲ್ಲರೆಯಾಗಿ ಮಾರಕೂಡದು.

ಹೀಗೆ ಒಂದೇ ಹಳೆಯ ಆಫೀಸ್ ಲೈಸೆನ್ಸ್ ಜರ್ಮನಿಯಲ್ಲಿ ರಾಜಾರೋಷವಾಗಿ ಕೈ ಬದಲಾಯಿಸಬಹುದು, ಅಮೆರಿಕದಲ್ಲಿ ಅದೇ ವ್ಯವಹಾರ ಉಲ್ಲಂಘನೆಯಾಗಬಹುದು. ಆನ್‌ಲೈನ್‌ನಲ್ಲಿ ಕೀ ಮಾರುವ ಹಲವರು “ಯುರೋಪಿನ ಕಾನೂನಿನ ಪ್ರಕಾರ ನಮ್ಮದು ಸರಿ” ಎಂದು ಬರೆದುಕೊಳ್ಳುವುದರ ಹಿನ್ನೆಲೆ ಈ ತೀರ್ಪು. ಅರ್ಧ ಹೇಳುತ್ತಾರೆ. ಹಳಬನ ಪ್ರತಿ ಅಳಿಸಿದೆಯೇ, ಇದು ಸಗಟಿನಿಂದ ಒಡೆದದ್ದೇ ಎಂಬ ಉಳಿದರ್ಧ ಬರೆಯುವುದಿಲ್ಲ.

ನಮ್ಮ ದೇಶದ ಕಾನೂನಿನಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ತಮಾಷೆಯೆನಿಸುವ ಒಂದು ಅಂಶವಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಒಂದು ‘ಸಾಹಿತ್ಯಕೃತಿ’. ಕಾದಂಬರಿ, ಕವನ, ಎಕ್ಸೆಲ್ ಎಲ್ಲ ಒಂದೇ ಪಂಕ್ತಿ. 1994ರ ತಿದ್ದುಪಡಿ ಇನ್ನೂ ಬಿಗಿಯಾಯಿತು. ಅನಧಿಕೃತ ಪ್ರತಿ ಎಂದು ತಿಳಿದೂ ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ ಏಳು ದಿನ ಜೈಲು, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ವ್ಯಾಪಾರ ಲಾಭಕ್ಕಾಗಿ ಬಳಸಿಲ್ಲದಿದ್ದರೆ ನ್ಯಾಯಾಲಯ ಜೈಲು ಬಿಟ್ಟು 50,000ದೊಳಗಿನ ದಂಡಕ್ಕೆ ನಿಲ್ಲಿಸಬಹುದು. ‘ತಿಳಿದೂ’ ಎಂಬ ಆ ಪದ ನನಗೆ ಮುಖ್ಯವೆನಿಸುತ್ತದೆ, ಅದಕ್ಕೆ ಮತ್ತೆ ಬರುತ್ತೇನೆ.

ಇನ್ನು ನಾವು ಡಬ್ಬಿ ಕೊಂಡಾಗ ಕೈಗೆ ಬರುವುದು ವಸ್ತುವೋ ಹಕ್ಕೋ? ಈ ಪ್ರಶ್ನೆ ಇಲ್ಲಿ ಬಂದದ್ದು ತೆರಿಗೆಯ ದಾರಿಯಲ್ಲಿ. 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಡಿಸ್ಕಿನಲ್ಲಿ ಮಾರುವ ಸಿದ್ಧ ಸಾಫ್ಟ್‌ವೇರ್ ಸರಕೇ, ಮಾರಾಟ ತೆರಿಗೆ ಹಾಕಬಹುದು ಎಂದಿತು. 2011ರಲ್ಲಿ ಕರ್ನಾಟಕ ಹೈಕೋರ್ಟು ಆದಾಯ ತೆರಿಗೆಯ ಪ್ರಕರಣಗಳಲ್ಲಿ, ವಿದೇಶಿ ಕಂಪನಿಗೆ ಸಾಫ್ಟ್‌ವೇರಿಗಾಗಿ ಕೊಟ್ಟ ಹಣ ಕೃತಿಸ್ವಾಮ್ಯದ ಬಳಕೆಗೆ ಕೊಟ್ಟ ರಾಯಧನ ಎಂದು ತೀರ್ಮಾನಿಸಿತು. ಬೆಂಗಳೂರಿನ ಕಂಪನಿಗಳಿಗೆ ಇದರಿಂದ ದೊಡ್ಡ ತಲೆನೋವಾಯಿತು. ಕೊನೆಗೆ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು ಆ ನಿಲುವನ್ನು ತಳ್ಳಿಹಾಕಿತು. ಬಳಕೆದಾರನಿಗೆ ಕೃತಿಸ್ವಾಮ್ಯದ ಯಾವ ಹಕ್ಕೂ ಹೋಗುವುದಿಲ್ಲ, ಅವನು ಕೊಂಡದ್ದು ಸಾಫ್ಟ್‌ವೇರಿನ ಒಂದು ಪ್ರತಿಯನ್ನಷ್ಟೇ ಎಂದಿತು. ಇದು ತೆರಿಗೆಯ ತೀರ್ಪು. ಇದನ್ನು ಹಿಡಿದುಕೊಂಡು ಹೋಗಿ ಹಳೆಯ ಕೀ ಮಾರಬಹುದು ಎಂದು ವಾದಿಸಲು ನಾನು ಯಾರಿಗೂ ಹೇಳುವುದಿಲ್ಲ. ಆದರೆ ನ್ಯಾಯಮೂರ್ತಿಗಳೇ ಹತ್ತು ವರ್ಷ ತೂಗಿ ನೋಡಿದ ಪ್ರಶ್ನೆಯನ್ನು ಒಬ್ಬ ಹುಡುಗಿ ‘ಸಂಜೆವರೆಗೆ ಮಾತ್ರ’ ಎಂಬ ಗಡುವಿನಲ್ಲಿ ಬಿಡಿಸಬೇಕಾಗಿದೆಯಲ್ಲ!

*

ನಾನು ಓದುತ್ತಿದ್ದಾಗ ಸಂಜೆ ಹೊತ್ತು ಒಂದು ಡಿಟಿಪಿ ಸೆಂಟರಿನಲ್ಲಿ ಮದುವೆ ಕರೆಯೋಲೆ ಟೈಪು ಮಾಡುತ್ತಿದ್ದೆ. ಅಲ್ಲಿ ಕನ್ನಡ ಸಾಫ್ಟ್‌ವೇರಿಗೆ ಒಂದು ‘ಲಾಕ್’ ಇತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು, ಕಂಪ್ಯೂಟರಿನ ಬೆನ್ನಿಗೆ ಚುಚ್ಚಬೇಕು. ಅದಿಲ್ಲದಿದ್ದರೆ ಅಕ್ಷರಗಳು ತೆರೆಯುತ್ತಿರಲಿಲ್ಲ. ಮಾಲೀಕರು ರಾತ್ರಿ ಅಂಗಡಿ ಮುಚ್ಚುವಾಗ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಯಾರ ಬಳಿ ಲಾಕ್ ಇದೆಯೋ ಅವರದು ಸಾಫ್ಟ್‌ವೇರ್. ಅನುಮಾನಕ್ಕೆ ಎಡೆಯೇ ಇಲ್ಲ. ಅದೇ ಯಂತ್ರದಲ್ಲಿದ್ದ ವಿಂಡೋಸ್ ಮಾತ್ರ ಪೈರಸಿಯದು, ಯಂತ್ರ ಜೋಡಿಸಿಕೊಟ್ಟವನು ಕೇಳದೆಯೇ ಹಾಕಿಕೊಟ್ಟಿದ್ದ. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. “ಅದು ಪೈರೇಟೆಡ್ಡು, ಅಪ್‌ಡೇಟ್ ಒತ್ತಬೇಡ” ಎಂದು ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದರು. ಎಸ್.ಪಿ. ರೋಡಿನಿಂದ ಪೆನ್ನಿನಲ್ಲಿ ಹೆಸರು ಬರೆದ ಸಿಡಿ ತರುತ್ತಿದ್ದವರಿಗೂ ತಾವು ತರುತ್ತಿರುವುದು ಏನೆಂದು ಚೆನ್ನಾಗಿ ಗೊತ್ತಿತ್ತು. ಹೋಮ್‌ಬ್ರೂ ಕ್ಲಬ್ಬಿನವರಿಗೂ ಗೊತ್ತಿತ್ತು. ಸರಿಯೋ ತಪ್ಪೋ, ಮಾಡುವವರಿಗೆ ಅದರ ಅರಿವಿತ್ತು.

ಇಂದಿನ 499 ರೂಪಾಯಿಯ ವ್ಯಾಪಾರ ಕಿತ್ತುಕೊಂಡಿರುವುದು ಈ ಅರಿವನ್ನೇ. ಅಕ್ಕನ ಮಗಳಿಗೆ ಪೈರಸಿ ಮಾಡುವುದು ಬೇಕಿರಲಿಲ್ಲ. ಬೇಕೆಂದಿದ್ದರೆ ಹಾಸ್ಟೆಲಿನ ಯಾವ ಹುಡುಗಿಯಾದರೂ ಪುಕ್ಕಟೆ ಹಾಕಿಕೊಡುತ್ತಿದ್ದಳು. ದುಡ್ಡು ಕೊಟ್ಟು ಸರಿಯಾದದ್ದನ್ನೇ ತರೋಣ ಎಂದು ಅವಳು ಹುಡುಕಿದ್ದು. ಮೋಸ ಹೋಗುವುದು ಹೀಗೆ ನೇರವಾಗಿರಬೇಕೆನ್ನುವವರೇ.

ಈ ವ್ಯಾಪಾರ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ‘ಆಕ್ಟಿವೇಶನ್’ ಬಂತು. ಕೀ ಹಾಕಿದರಷ್ಟೇ ಸಾಲದು, ಕಂಪನಿಯ ಸರ್ವರ್ ಹೌದೆನ್ನಬೇಕು. ದೊಡ್ಡ ಕಚೇರಿಗಳಲ್ಲಿ ನೂರಾರು ಯಂತ್ರಗಳಿಗೆ ಒಂದೊಂದಾಗಿ ಇದನ್ನು ಮಾಡಲಾಗದು ಎಂದು ಅವರಿಗೆ ಆಕ್ಟಿವೇಶನ್ ಬೇಡದ ಸಗಟು ಕೀ ಕೊಟ್ಟರು. ಅಂಥದೊಂದು ಕೀ, ಎಕ್ಸ್‌ಪಿ ಅಂಗಡಿಗೆ ಬರುವ ಮೊದಲೇ ಸೋರಿಹೋಯಿತು. ಎಫ್‌ಸಿಕೆಜಿಡಬ್ಲ್ಯು ಎಂದು ಶುರುವಾಗುವ ಆ ಕೀ ಜಗತ್ತಿನಾದ್ಯಂತ ಎಷ್ಟು ಯಂತ್ರಗಳಿಗೆ ಬಿತ್ತೋ! ನನ್ನ ವಯಸ್ಸಿನ ಕೆಲವರು ಅದನ್ನು ಈಗಲೂ ಮಗ್ಗಿಯಂತೆ ಒಪ್ಪಿಸುತ್ತಾರೆ. ವಿಸ್ತಾದ ಕಾಲಕ್ಕೆ ಕಂಪನಿ ಸಗಟು ಕೀಗಳನ್ನೂ ಬಿಗಿಮಾಡಿತು. ಒಂದು ಬಗೆಯ ಕೀಗೆ ಇಂತಿಷ್ಟೇ ಸಲ ಎಂಬ ಲೆಕ್ಕ. ಇನ್ನೊಂದು ಬಗೆಯದರಲ್ಲಿ ಪ್ರತಿ ಯಂತ್ರವೂ ತನ್ನ ಸಂಸ್ಥೆಯ ಸರ್ವರಿಗೆ 180 ದಿನಗಳೊಳಗೆ ಮತ್ತೆ ವರದಿ ಒಪ್ಪಿಸಬೇಕು, ಇಲ್ಲದಿದ್ದರೆ ಆಕ್ಟಿವೇಶನ್ ಬಿದ್ದುಹೋಗುತ್ತದೆ.

ಹೀಗಾಗಿ ಒಂದೇ ಸಾಫ್ಟ್‌ವೇರಿಗೆ ಹಲವು ಬಾಗಿಲುಗಳಾದವು. ಅಂಗಡಿಯ ಚಿಲ್ಲರೆ ಬೆಲೆ ಒಂದು, ಲ್ಯಾಪ್‌ಟಾಪ್ ತಯಾರಕರಿಗೆ ಒಂದು, ಕಚೇರಿಗಳಿಗೆ ಒಂದು, ವಿದ್ಯಾಸಂಸ್ಥೆಗಳಿಗೆ ಒಂದು, ದೇಶಕ್ಕೊಂದು. ಒಂದು ಬಾಗಿಲಲ್ಲಿ ಅಗ್ಗವಾಗಿ ಪಡೆದು ಇನ್ನೊಂದು ಬಾಗಿಲಿನ ಗಿರಾಕಿಗೆ ಮಾರುವವರು ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಪಠ್ಯಪುಸ್ತಕಗಳಲ್ಲೂ ಇದಾಯಿತು. ಅಮೆರಿಕದಲ್ಲಿ ಓದುತ್ತಿದ್ದ ಥಾಯ್ಲೆಂಡಿನ ವಿದ್ಯಾರ್ಥಿ ಸುಪಾಪ್ ಕಿರ್ಟ್‌ಸೇಂಗ್ ತನ್ನೂರಿನಿಂದ ಅಗ್ಗದ ಆವೃತ್ತಿಗಳನ್ನು ತರಿಸಿ ಅಲ್ಲಿ ಮಾರಿದ. ಪ್ರಕಾಶಕರು ದಾವೆ ಹೂಡಿದರು. 2013ರಲ್ಲಿ ಸುಪ್ರೀಂ ಕೋರ್ಟು 6-3ರಿಂದ ಅವನ ಪರ ನಿಂತಿತು. ಪುಸ್ತಕವಾದ್ದರಿಂದ ಗೆದ್ದ. ಅವನು ಕೀಗಳನ್ನು ಮಾರಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತೇನೋ.

ನಾನೂ ಒಮ್ಮೆ ಈ ಬಾಗಿಲಲ್ಲಿ ಹೊಕ್ಕವನು. 2018ರಲ್ಲಿ ಒಂದು ತಾಣದಿಂದ 800 ರೂಪಾಯಿಗೆ ವಿಂಡೋಸ್ 10ರ ಕೀ ಕೊಂಡೆ. ಇಮೇಲ್‌ನಲ್ಲಿ 25 ಅಕ್ಷರ ಬಂತು, ಹಾಕಿದೆ, ಆಕ್ಟಿವೇಟ್ ಆಯಿತು. ಅಸಲಿಯಲ್ಲದಿದ್ದರೆ ಕಂಪನಿಯ ಸರ್ವರ್ ಒಪ್ಪುತ್ತಿತ್ತೇ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಇದು ಬಹಳ ಜನ ಮಾಡುವ ತಪ್ಪು. ಸರ್ವರ್ ಕೇಳುವುದು ಕೀ ಅಸಲಿಯೇ ಎಂದು, ಕೀ ನಿನ್ನದೇ ಎಂದಲ್ಲ. ಏಳನೆಯ ತಿಂಗಳಿಗೆ ಪರದೆಯ ಮೂಲೆಯಲ್ಲಿ ‘ವಿಂಡೋಸ್ ಆಕ್ಟಿವೇಟ್ ಮಾಡಿ’ ಎಂಬ ಬೂದು ಅಕ್ಷರಗಳು ಎದ್ದವು. ತಿಳಿದವರೊಬ್ಬರು ಒಂದು ಕಮಾಂಡ್ ಕೊಟ್ಟು ನೋಡಿ ‘ವಾಲ್ಯೂಮ್’ ಎಂದು ತೋರಿಸಿದರು. ಎಲ್ಲಿಯದೋ ಯಾವುದೋ ಸಂಸ್ಥೆಗೆ ಕೊಟ್ಟ ಸಗಟು ಕೀಯನ್ನು ಒಡೆದು ನನ್ನಂಥವರಿಗೆ ಮಾರಿದ್ದರು. ಮಾರಿದವರ ಪುಟ ಹುಡುಕಿದೆ, ಇರಲಿಲ್ಲ. 800 ರೂಪಾಯಿ ಹೋದದ್ದಕ್ಕಿಂತ, ಅದಕ್ಕೊಂದು ರಸೀದಿ ಕೂಡ ನನ್ನ ಬಳಿ ಇಲ್ಲವೆಂದು ಗೊತ್ತಾದಾಗ ನಾಚಿಕೆಯಾಯಿತು. ಆ ಏಳು ತಿಂಗಳು ನಾನು ಕಾನೂನಿನ ಕಣ್ಣಲ್ಲಿ ಏನಾಗಿದ್ದೆ? ‘ತಿಳಿದೂ’ ಬಳಸಿದವನಲ್ಲ, ನಿಜ. ಆದರೆ 800 ರೂಪಾಯಿ ಎಂದಾಗ ಒಳಗೊಂದು ಅನುಮಾನ ಎದ್ದದ್ದೂ ನಿಜ. ಅದನ್ನು ನಾನು ವಿಚಾರಿಸದೆ ಬಿಟ್ಟೆ.

ಇದನ್ನೆಲ್ಲ ಹೇಳಿದರೆ ಅಗ್ಗದ್ದೆಲ್ಲ ಕಳ್ಳಮಾಲು ಎಂಬ ಹಳೆಯ ಮಾತಿಗೇ ಮರಳಿದಂತಾಗುತ್ತದೆ. ಅದಕ್ಕಾಗಿ 2007ರ ಒಂದು ಪ್ರಸಂಗ ಹೇಳಲೇಬೇಕು. ಆ ವರ್ಷ ಅಮೆರಿಕದ ವಿದ್ಯಾರ್ಥಿಗಳಿಗೆ, ಅಂಗಡಿಯಲ್ಲಿ 679 ಡಾಲರ್ ಇದ್ದ ಆಫೀಸ್ ಅಲ್ಟಿಮೇಟ್ ಅನ್ನು 59.95 ಡಾಲರಿಗೆ ಕೊಡುವ ಒಂದು ತಾಣ ಬಂತು. ತಾಣದ ಹೆಸರು ‘ದಿ ಅಲ್ಟಿಮೇಟ್ ಸ್ಟೀಲ್’, ಅಂದರೆ ಪರಮ ಕಳವು. ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಬೆಲೆ, ಹೆಸರೇ ಕಳವು, ವಿಳಾಸದಲ್ಲಿ ಮೈಕ್ರೋಸಾಫ್ಟಿನ ಹೆಸರಿಲ್ಲ. ನಾನಾಗಿದ್ದರೆ ಮೋಸವೆಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಆದರೆ ಅದು ಮೈಕ್ರೋಸಾಫ್ಟೇ ನಡೆಸಿದ ಮಾರಾಟ. 1976ರಲ್ಲಿ ಹವ್ಯಾಸಿಗಳನ್ನು ಕಳ್ಳರೆಂದು ಕರೆದ ಮನುಷ್ಯನ ಕಂಪನಿ 31 ವರ್ಷಗಳ ನಂತರ ಅದೇ ಪದವನ್ನು ಅಂಗಡಿಯ ಬೋರ್ಡಿಗೆ ಬರೆಸಿತ್ತು! ಅಲ್ಲಿ ಗಮನಿಸಬೇಕಾದದ್ದು ಬೇರೆ. ಕೊಳ್ಳುವವರು ತಮ್ಮ ಕಾಲೇಜಿನ ಇಮೇಲ್ ವಿಳಾಸ ಕೊಟ್ಟು, ತಾವು ವಿದ್ಯಾರ್ಥಿ ಎಂದು ತೋರಿಸಬೇಕಿತ್ತು. ರಿಯಾಯಿತಿ ಯಾರಿಗೆ, ಯಾಕೆ ಎಂಬುದಕ್ಕೆ ಉತ್ತರವಿತ್ತು. ಆಲ್ಟೇರಿನ 75 ಡಾಲರಿಗೂ ಇತ್ತು. ವಾಸ್ತುಶಿಲ್ಪಿಗಳ 495 ಡಾಲರಿಗೂ ಇತ್ತು. ನನ್ನ 800 ರೂಪಾಯಿಗೆ ಇರಲಿಲ್ಲ. ನೀನು ಯಾರು ಎಂದು ಅಲ್ಲಿ ಯಾರೂ ಕೇಳಲಿಲ್ಲ, ಅಷ್ಟು ಅಗ್ಗ ಹೇಗೆ ಎಂದು ನಾನೂ ಕೇಳಲಿಲ್ಲ.

*

ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಮಗಳಿಗೆ ಫೋನು ಮಾಡಿ, ಆ ಪುಟವನ್ನು ಕೆಳಗಿನವರೆಗೂ ಓದಿ ಹೇಳು ಎಂದೆ. ಓದಿದಳು. ಸಣ್ಣ ಅಕ್ಷರದಲ್ಲಿ ಹೀಗಿತ್ತು: ಕೀ ಬರುವುದಿಲ್ಲ, ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ನಾವೇ ಕಳಿಸುತ್ತೇವೆ. ಹೆಸರು ಬದಲಾಯಿಸಲು ಬರುವುದಿಲ್ಲ. ಬಿಲ್ ಇಲ್ಲ. ತೊಂದರೆಯಾದರೆ ವಾಟ್ಸಾಪ್ ಮಾಡಿ.

ಸಗಟು ಕೀಗಿಂತ ಇದು ಕೆಟ್ಟದ್ದು. ಬಾಡಿಗೆಯಂತೆ ವರ್ಷವರ್ಷ ಹಣ ಕಟ್ಟುವ ಸೇವೆಗೆ ‘ಲೈಫ್‌ಟೈಮ್’ ಎನ್ನುವುದೇ ಹೊಂದುವುದಿಲ್ಲ. ಹೀಗೆ ಸಿದ್ಧ ಯೂಸರ್ ನೇಮ್ ಕೊಟ್ಟರೆ ಆ ಖಾತೆ ಇರುವುದು ಬೇರಾವುದೋ ಸಂಸ್ಥೆಯ ಹೆಸರಿನಲ್ಲಿ. ಅದರ ಮೇಲ್ವಿಚಾರಕ ಪಾಸ್‌ವರ್ಡ್ ಬದಲಿಸಬಲ್ಲ, ಖಾತೆ ಅಳಿಸಬಲ್ಲ, ಒಳಗಿಟ್ಟ ಕಡತಗಳನ್ನು ತೆರೆಯಲೂ ಬಲ್ಲ. “ನಿನ್ನ ನಾಲ್ಕು ವರ್ಷದ ಅಧ್ಯಾಯಗಳು ಆ 1 ಟಿಬಿ ಜಾಗದಲ್ಲಿ ಹೋಗಿ ಕೂರುತ್ತವೆ, ಬೀಗದಕೈ ಯಾರ ಹತ್ರ ಇದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅವಳು ದಾವಣಗೆರೆ ಸೀಮೆಯ ಊರೂರು ಅಲೆದು ಧ್ವನಿಮುದ್ರಿಸಿಕೊಂಡ ಹಾಡುಗಳ ಲಿಪ್ಯಂತರವೆಲ್ಲ ಆ ಅಧ್ಯಾಯಗಳಲ್ಲಿದೆ. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ.

ಲಿಬ್ರೆ ಆಫೀಸ್ ಹಾಕಿಕೋ, ಪುಕ್ಕಟೆ, ಪೂರ್ತಿ ಸಕ್ರಮ ಎಂದೆ. ಅದನ್ನೇ ಯಾರಾದರೂ 300 ರೂಪಾಯಿಗೆ ಮಾರುತ್ತಿದ್ದರೆ ಅದೂ ಸಕ್ರಮವೇ, ಆದರೆ ಕೊಳ್ಳಬೇಡ ಎಂದು ಸೇರಿಸಿದೆ. ಅವಳ ಮಾರ್ಗದರ್ಶಕರಿಗೆ ವರ್ಡ್ ಕಡತವೇ ಬೇಕಂತೆ, ಟಿಪ್ಪಣಿ ಹಾಕುವುದು ಅದರಲ್ಲೇ ಅಂತೆ. ಸರಿ, ಲ್ಯಾಪ್‌ಟಾಪ್ ಯಾವಾಗ ಕೊಂಡೆ ಎಂದು ಕೇಳಿದೆ. ಫೆಬ್ರುವರಿಯಲ್ಲಿ, ಸ್ಕಾಲರ್‌ಶಿಪ್ ದುಡ್ಡಿನಲ್ಲಿ. ಡಬ್ಬಿ ಇದೆಯಾ? ಮಂಚದ ಕೆಳಗಿತ್ತು. ಅದರ ಮೇಲಿನ ಚೀಟಿಯನ್ನು ಫೋಟೋ ತೆಗೆದು ಕಳಿಸಿದಳು. ಪ್ರೊಸೆಸರ್, ಮೆಮೊರಿ, ಕೊನೆಯ ಸಾಲಿನಲ್ಲಿ ‘ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್ 2021’.

“ಅದು ಒಂದು ತಿಂಗಳ ಟ್ರಯಲ್ ಅಲ್ವಾ ಮಾಮ? ಮುಗೀತು ಅಂತ ಬಂತಲ್ಲ.”

ಮುಗಿದದ್ದು ಇನ್ನೊಂದು, ಬಾಡಿಗೆಯ ಆವೃತ್ತಿಯ ಟ್ರಯಲ್. ಇದು ಲ್ಯಾಪ್‌ಟಾಪಿನ ಬೆಲೆಯಲ್ಲೇ ಸೇರಿ ಬಂದದ್ದು, ಅವಳು ಫೆಬ್ರುವರಿಯಲ್ಲೇ ಹಣ ಕೊಟ್ಟಾಗಿತ್ತು. ಆರು ತಿಂಗಳೊಳಗೆ ತನ್ನ ಸ್ವಂತ ಖಾತೆಗೆ ಅದನ್ನು ಸೇರಿಸಿಕೊಳ್ಳಬೇಕು, ಇನ್ನೂ ಎರಡು ತಿಂಗಳು ಬಾಕಿಯಿತ್ತು. ಫೋನಿನಲ್ಲೇ ಒಂದೊಂದು ಹೆಜ್ಜೆ ಹೇಳುತ್ತ ಹೋದೆ. ಅವಳ ಹಾಸ್ಟೆಲಿನ ನೆಟ್ ಎರಡು ಸಲ ಕೈಕೊಟ್ಟಿತು. ನಾಲ್ಕೂವರೆಗೆ ಆಕ್ಟಿವೇಟ್ ಆಯಿತು, ಆಫರ್ ಮುಗಿಯಲು ಇನ್ನೂ ಒಂದೂವರೆ ಗಂಟೆ ಇದ್ದಾಗ.

ಸಂಜೆ ಮತ್ತೊಂದು ಸ್ಕ್ರೀನ್‌ಶಾಟ್ ಬಂತು. ನುಡಿಯಲ್ಲಿ ಟೈಪಿಸಿದ್ದ ಹಳೆಯ ಎರಡು ಅಧ್ಯಾಯಗಳು ವರ್ಡ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿದ್ದವು. “ಮಾಮ, ಇದಕ್ಕೇನು ಮಾಡೋದು?” ಯೂನಿಕೋಡ್‌ಗೆ ಪರಿವರ್ತಿಸಬೇಕು, ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಕೂತು ತಿದ್ದಬೇಕು ಎಂದು ಬರೆದೆ.